ಸಡಿಲವಾದ ನೀಲಿ ಕೋಟು

ಜನವರಿ ೧೪

ಪುಟ್ಟೀ,

ಬರೆಯುವುದು ನನ್ನ ಕೈಲಿ ಆಗುವ ಕೆಲಸವಲ್ಲ. ಇದು ನಿನಗೂ ಗೊತ್ತು, ನಿನ್ನ ಅತ್ತಿಗೆಗೂ ಗೊತ್ತು. ಆದರೂ ಅವಳು ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆ ತೆಗೆದು, ಅಲ್ಲಿ ಕಾಗದ ಪೆನ್ನು ಇಟ್ಟು, ಬಾಗಿಲು ಎಳೆದುಕೊಂಡು ಹೋಗಿದ್ದಾಳೆ. ಬರೆದು ಮುಗಿಸುವ ತನಕ ಕಾಫಿ ಇಲ್ಲವಂತೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟಾಗ, ಇನ್ನು ಈ ಜನ್ಮದಲ್ಲಿ ಯಾರೂ ನನ್ನನ್ನು ಬರೆಯಲು ಕೂರಿಸುವುದಿಲ್ಲ ಅಂದುಕೊಂಡಿದ್ದೆ. ಎಲ್ಲಾ ನಿನ್ನ ಕಿವಿಯ ದೆಸೆಯಿಂದ. ಮೊನ್ನೆ ಫೋನಿನಲ್ಲಿ ನಾನು ಗಂಟಲು ಹರಿದುಕೊಂಡು ಹೇಳಿದ್ದು ಎದುರಿನ ಚಪ್ಪಲಿ ಅಂಗಡಿಯವನಿಗೆ ಕೇಳಿಸಿತು, ಪಕ್ಕದ ಮನೆಯ ಮುದುಕಿಗೂ ಕೇಳಿಸಿತು. ಇಬ್ಬರೂ ಬಂದು ಸಮಾಧಾನ ಹೇಳಿ ಹೋದರು. ನೀನು ಮಾತ್ರ ಆಂ, ಆಂ ಅಂದು, ಕೊನೆಗೆ ಸರಿ ಸಂತೋಷ ಅಂತ ಹೇಳಿ ಫೋನು ಇಟ್ಟೆ.

ಸಂತೋಷದ ಸುದ್ದಿ ಅಲ್ಲ ಅದು. ನನ್ನ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ. ಕೆಟ್ಟ ಗಡ್ಡೆ. ಕತ್ತರಿಸಿ ತೆಗೆಯಬೇಕು.

ಅಳುವುದಿದ್ದರೆ ಈಗಲೇ ಅತ್ತು ಮುಗಿಸು, ಮುಂದಿನದು ಮುಖ್ಯ.

ಹೋದ ವರ್ಷದ ನಡುವಿನಿಂದ ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬೇರೆಯವನಾಗಿದ್ದರೆ ಜಾರುವ ಪ್ಯಾಂಟು ಹಿಡಿದುಕೊಂಡು, ಇದೇನು ಹೀಗೆ ಅಂತ ಯೋಚಿಸುತ್ತಿದ್ದನೋ ಏನೋ. ನಾನು ದರ್ಜಿ. ಸೊಂಟ ಬಿಚ್ಚಿದೆ, ಒಳಕ್ಕೆ ಹಿಡಿದೆ, ಹೊಲಿದೆ. ಮತ್ತೆ ಜಾರಿತು, ಮತ್ತೆ ಹಿಡಿದೆ. ಪ್ರತಿ ಸಲವೂ ಶಿಳ್ಳೆ ಹಾಕಿಕೊಂಡೇ ಹೊಲಿದೆ. ಅಂಗಡಿಗೆ ಬಂದವರೆಲ್ಲ, ಏನು ಮಾಸ್ಟರೇ, ಇಳಿದುಬಿಟ್ಟಿರಲ್ಲ, ಗುಟ್ಟೇನು ಅನ್ನುವರು. ಬಾಯಿ ಕಟ್ಟಿದ್ದೇನೆ ಅಂತ ಬಿಟ್ಟೆ ಒಂದು. ಬಾಯಿ ಎಲ್ಲಿ ಕಟ್ಟಿದ್ದೆ, ನಿನ್ನ ಅತ್ತಿಗೆಯನ್ನು ಕೇಳು. ಆಮೇಲೆ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂತು. ರಕ್ತ ನೋಡಿದರೆ ರಕ್ತವೇ ಇಲ್ಲ. ಅದು ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಹಿಂದಿನಿಂದ ಕ್ಯಾಮೆರಾ ಇಳಿಸಿದರು. ಗಡ್ಡೆ ಸಿಕ್ಕಿತು. ಅಷ್ಟು ತಿಂಗಳು ನನ್ನನ್ನು ಇಳಿಸಿದ್ದು ಅದು. ನಾನು ಅದಕ್ಕೆ ಶಿಳ್ಳೆ ಹಾಕಿದೆ.

ಈಗ ನಿನ್ನ ವಿಷಯ. ಡಾಕ್ಟರಮ್ಮ ಕೇಳಿದ್ದು, ಒಡಹುಟ್ಟಿದವರು ಇದ್ದಾರಾ ಅಂತ. ಒಬ್ಬಳಿದ್ದಾಳೆ, ನನ್ನ ಹಾಗೇ ಗಾತ್ರ, ನನಗಿಂತ ಮೊಂಡು ಅಂದೆ. ಅವಳೂ ಕ್ಯಾಮೆರಾ ಹಾಕಿಸಿ ನೋಡಿಸಿಕೊಳ್ಳಲೇಬೇಕು, ತಡ ಮಾಡಬಾರದು ಅಂದರು. ಅಪ್ಪ ಹೊಟ್ಟೆನೋವು ಹೊಟ್ಟೆನೋವು ಅಂತಲೇ ಹೋದರು ಅಂದಾಗ ಇನ್ನೂ ಒತ್ತಿ ಹೇಳಿದರು.

ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು. ಅವತ್ತು ಪಿತ್ತದ ಕಲ್ಲಿಗೆ ಅಂತ ಹೋದಾಗ ಆಸ್ಪತ್ರೆಯ ತಕ್ಕಡಿ ಸಾಲದೆ, ನಿನ್ನನ್ನು ಹಿತ್ತಲಿನ ಗೋದಾಮಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ಹಮಾಲಿಗಳು ಬೀಡಿ ಸೇದುತ್ತಾ ನಿಂತು ನೋಡಿದರು. ಒಬ್ಬ ಕಿಲೋ ಎಷ್ಟು ಅಂತ ಕೂಗಿ ಹೇಳಿದ. ಅವತ್ತಿನಿಂದ ನೀನು ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ. ಆ ಕಲ್ಲು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೀಯ. ಕಲ್ಲು ಸುಮ್ಮನೆ ಕೂರುತ್ತದೆ. ಇದು ಕೂರುವುದಿಲ್ಲ.

ನೋಡಿಸಿಕೊಳ್ಳುತ್ತೇನೆ ಅಂತ ಒಂದು ಸಾಲು ಬರೆದು ಹಾಕು. ಬಾಗಿಲ ಹತ್ತಿರ ಕಾಫಿಯ ವಾಸನೆ ಬರುತ್ತಿದೆ, ಮುಗಿಸುತ್ತೇನೆ.

ನಿನ್ನ ಅಣ್ಣ


ಫೆಬ್ರವರಿ ೯

ಪುಟ್ಟೀ,

ನಾಲ್ಕು ಪುಟ ಬರೆದಿದ್ದೀಯ. ನಾಲ್ಕೂ ಪುಟ ನನ್ನ ಬಗ್ಗೆಯೇ. ಕತ್ತಿ ಹಾಕಿಸಬೇಡ ಅಂತ ಎರಡು ಪುಟ, ಹಾಕಿಸುವುದಾದರೆ ಒಳ್ಳೆಯ ಡಾಕ್ಟರ ಹತ್ತಿರ ಹಾಕಿಸು ಅಂತ ಇನ್ನೆರಡು. ನಿನ್ನ ಬಗ್ಗೆ ಒಂದು ಸಾಲೂ ಇಲ್ಲ. ನಾನು ಕೇಳಿದ್ದೇನು, ನೀನು ಹೇಳಿದ್ದೇನು. ಕಿವಿ ಹೋಗಿದೆ ಸರಿ, ಕಣ್ಣೂ ಹೋಯಿತಾ?

ಡಾಕ್ಟರಮ್ಮ ಒಳ್ಳೆಯವರೇ. ಕಡ್ಡಿಯ ಹಾಗಿದ್ದಾರೆ. ನನ್ನ ಒಂದು ತೋಳಿನಲ್ಲಿ ಅಂಥವರು ಇಬ್ಬರು ಹೊರಡುತ್ತಾರೆ. ಮೊದಲ ದಿನ ನೋಡಿ, ಇವರು ನನ್ನ ಹೊಟ್ಟೆಯೊಳಗೆ ಕೈ ಹಾಕಿದರೆ ವಾಪಸ್ ಬರುವುದುಂಟಾ ಅಂತ ನಿನ್ನ ಅತ್ತಿಗೆಯ ಕಿವಿಯಲ್ಲಿ ಹೇಳಿದೆ. ನಾನು ಮೆತ್ತಗೆ ಹೇಳಿದ್ದು ಎಷ್ಟು ಮೆತ್ತಗಿರುತ್ತದೆ ಅಂತ ನಿನಗೆ ಗೊತ್ತಲ್ಲ. ಅವರಿಗೆ ಕೇಳಿಸಿತು. ನಕ್ಕು, ಅದಕ್ಕೇ ಉದ್ದನೆಯ ಇಕ್ಕಳಗಳಿವೆ, ನಾನು ಹೊರಗೇ ನಿಲ್ಲುತ್ತೇನೆ ಅಂದರು. ಅಲ್ಲಿಂದ ನಮಗೆ ಸರಿಹೋಯಿತು.

ನಾನು ಬಿಡದೆ ಕೇಳಿದೆ, ಹೇಗೂ ಹೊಟ್ಟೆ ತೆರೆಯುತ್ತೀರಿ, ಕೊಬ್ಬನ್ನೂ ಒಂದಷ್ಟು ಕತ್ತರಿಸಿ, ಒಳಕ್ಕೆ ಹಿಡಿದು ಹೊಲಿದುಬಿಡಿ, ನಾನಾದರೆ ಹಾಗೇ ಮಾಡುತ್ತಿದ್ದೆ ಅಂತ.

"ಮಾಸ್ಟರೇ, ನಿಮ್ಮ ಬಟ್ಟೆಗೆ ರಕ್ತ ಬರಲ್ಲ" ಅಂದರು. "ನಿಮ್ಮ ಹೊಲಿಗೆ ಬಿಟ್ರೆ ಗಿರಾಕಿ ವಾಪಸ್ ತರ್ತಾನೆ. ಕರುಳಿಗೆ ನಾನು ಹಾಕಿದ ಹೊಲಿಗೆ ಬಿಟ್ರೆ ನಿಮ್ಮನ್ನ ಯಾರು ವಾಪಸ್ ತರ್ತಾರೆ? ಒಂದೇ ಕೆಲಸ ಮಾಡೋಣ, ಸರಿಯಾಗಿ ಮಾಡೋಣ."

ಹಾಗಾದರೆ ಆರು ತಿಂಗಳು ಕೊಡಿ, ನಾನೇ ಇಳಿಸಿಕೊಂಡು ಬರುತ್ತೇನೆ ಅಂದೆ.

"ನಾನು ಕೊಡ್ತೀನಿ. ಗಡ್ಡೆ ಕೊಡಲ್ಲ."

ನನಗೆ ಇಂಥ ಮಾತು ಹಿಡಿಸುತ್ತದೆ. ಬೆಣ್ಣೆ ಹಚ್ಚುವುದಿಲ್ಲ. ದಪ್ಪಗಿರುವವರಿಗೆ ಈ ಆಪರೇಷನ್ ಯಾಕೆ ಕಷ್ಟ ಅಂತ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯ ಹೊರಗಿನ ಕೊಬ್ಬಿಗಿಂತ ಒಳಗಿನದೇ ತೊಂದರೆಯಂತೆ. ಕರುಳು ಅದರೊಳಗೆ ಹುದುಗಿಕೊಂಡಿರುತ್ತದೆ, ರಕ್ತನಾಳ ಕಣ್ಣಿಗೆ ಬೀಳುವುದಿಲ್ಲ, ಪಿತ್ತಕೋಶದ ಮೇಲಿನ ಯಕೃತ್ತು ಊದಿಕೊಂಡು ದಾರಿಗೆ ಅಡ್ಡ ಬರುತ್ತದೆ. ಮತ್ತಿನಲ್ಲಿ ಮಲಗಿದಾಗ ಉಸಿರು ಕಟ್ಟಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಗಾಯ ಕೀವಾಗಬಹುದು. ಆಗುವುದೇ ಇಲ್ಲ ಅಂತಲ್ಲ, ಸಿದ್ಧತೆ ಹೆಚ್ಚು ಬೇಕು ಅಂತ. ಈಗ ಆ ಸಿದ್ಧತೆಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದೇನೆ.

ಒಂದು, ಊಟ ಇಲ್ಲ. ಯಕೃತ್ತು ಕುಗ್ಗಬೇಕು ಅಂತ ಮೂರು ವಾರ ಬರೀ ಪುಡಿ ಕಲಸಿದ ನೀರು, ಸೂಪು. ಸುಣ್ಣದ ನೀರು ಇದಕ್ಕಿಂತ ರುಚಿ ಇರಬಹುದು. ಎರಡು, ನಡಿಗೆ. ದಿನಾ ಬೀದಿಯ ಕೊನೆಯ ತನಕ ಹೋಗಿ ಬರಬೇಕು. ನಿನ್ನ ಅತ್ತಿಗೆ ಮುಂದೆ, ನಾನು ಹಿಂದೆ, ಕುರಿ ಹೊಡೆದುಕೊಂಡು ಹೋಗುವವರ ಹಾಗೆ, ಆದರೆ ತಿರುಗಾಮುರುಗ. ಅಂಗಡಿಯವರೆಲ್ಲ ಎಲ್ಲಿಗೆ ಅಂತ ಕೇಳುತ್ತಾರೆ. ಎಲ್ಲಿಗೂ ಇಲ್ಲ, ನಡೆಯುತ್ತಿದ್ದೇನೆ ಅಂದರೆ ನಂಬುವುದಿಲ್ಲ. ಮೂರು, ಒಂದು ಪ್ಲಾಸ್ಟಿಕ್ ಡಬ್ಬಿ. ನಳಿಗೆಯಿಂದ ಉಸಿರು ಎಳೆದರೆ ಒಳಗಿನ ಚೆಂಡುಗಳು ಮೇಲೇಳಬೇಕು. ಒಂದು ಏಳುತ್ತದೆ, ಎರಡನೆಯದು ಏಳುತ್ತದೆ, ಮೂರನೆಯದು ನಿನ್ನ ಹಾಗೆ, ಜಪ್ಪಯ್ಯ ಅನ್ನುವುದಿಲ್ಲ. ನಾಲ್ಕು, ಮಲಗುವಾಗ ಮೂಗಿಗೆ ಗಾಳಿ ಊದುವ ಮುಖವಾಡ. ನನ್ನ ಗೊರಕೆಯಲ್ಲಿ ನಡುನಡುವೆ ಉಸಿರೇ ನಿಲ್ಲುತ್ತಿತ್ತಂತೆ. ಅದು ಹಾಕಿಕೊಂಡ ಮೊದಲ ಸಲ ಗೊರಕೆ ಪೂರ್ತಿ ನಿಂತು, ನಿನ್ನ ಅತ್ತಿಗೆ ಗಾಬರಿಯಾಗಿ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು, ಬದುಕಿದ್ದೀರಾ ಅಂತ. ಈಗ ಇಬ್ಬರೂ ಚೆನ್ನಾಗಿ ನಿದ್ದೆ ಮಾಡುತ್ತೇವೆ. ಮದುವೆಯಾದಾಗಿನಿಂದ ಅವಳಿಗೆ ಇಂಥ ನಿದ್ದೆ ಸಿಕ್ಕಿರಲಿಲ್ಲವಂತೆ. ಎಲ್ಲರ ಹತ್ತಿರವೂ ಹೇಳಿಕೊಂಡು ಬರುತ್ತಿದ್ದಾಳೆ.

ಒಂದು ಪೇಚಿನ ವಿಷಯ. ಸ್ಕ್ಯಾನ್ ದಿನ ಆಸ್ಪತ್ರೆಯವರು ಕೊಟ್ಟ ಗೌನು ನನಗೆ ಎದೆಯ ಮೇಲೆ ಕರವಸ್ತ್ರ ಹಾಕಿದ ಹಾಗಾಯಿತು. ಹಿಂದುಗಡೆ ಪೂರ್ತಿ ಬಯಲು. ಮನೆಗೆ ಬಂದು ನಾನೇ ಒಂದು ಹೊಲಿದೆ. ಒಳ್ಳೆಯ ದಪ್ಪ ಬಟ್ಟೆ, ಒಳಗೆ ಅಸ್ತರ್, ಕಾಲರು, ಎದೆಗೆ ಜೇಬು, ಮುಂದೆ ಸಾಲಾಗಿ ಹಿತ್ತಾಳೆ ಗುಂಡಿ. ಮುಂದಿನ ಸಲ ಹೋದಾಗ ನರ್ಸಮ್ಮನ ಎದುರು ಬಿಚ್ಚಿ ತೋರಿಸಿದೆ. ಅವಳು ಅದನ್ನು ಎತ್ತಿ ಹಿಡಿದು, "ತಾತಾ, ಇದು ಹಾಕ್ಕೊಂಡು ಆಪರೇಷನ್‌ಗೆ ಹೋಗ್ತೀರಾ, ಮೆರವಣಿಗೆಗೆ ಹೋಗ್ತೀರಾ?" ಅಂದಳು. ಲೋಹದ ಗುಂಡಿ ಕೂಡದಂತೆ, ಮಲಗಿದವನ ಮೈಮೇಲಿಂದ ಎತ್ತದೆ ಬಿಚ್ಚುವಂತಿರಬೇಕಂತೆ, ತೋಳಿಗೆ ಸೂಜಿ ಹಾಕಲು ಭುಜ ತೆರೆಯಬೇಕಂತೆ, ಬಿಸಿನೀರಿನಲ್ಲಿ ಕುದಿಸಿದರೂ ತಡೆಯುವ ತೆಳು ಬಟ್ಟೆ ಬೇಕಂತೆ. ನಲವತ್ತು ವರ್ಷ ನಿಂತವರಿಗೇ ಹೊಲಿದವನು ನಾನು. ಮಲಗಿದವರ ಅಳತೆಯೇ ಬೇರೆ ಅಂತ ಅವತ್ತು ಗೊತ್ತಾಯಿತು. ಅವಳು ಹೇಳಿದ ಹಾಗೆ ಲಾಡಿ ಇಟ್ಟು ಮತ್ತೆ ಹೊಲಿದಿದ್ದೇನೆ. ಈಗ ಪರವಾಗಿಲ್ಲ ಅಂದಳು.

ಮಾರ್ಚ್ ಮೂರಕ್ಕೆ ಆಪರೇಷನ್. ಅಷ್ಟರೊಳಗೆ ನಿನ್ನ ವಿಷಯ ಬರೆ. ನನ್ನದಲ್ಲ, ನಿನ್ನದು.

ನಿನ್ನ ಅಣ್ಣ


ಮಾರ್ಚ್ ೨
ಆಸ್ಪತ್ರೆಯಿಂದ

ಪುಟ್ಟೀ,

ನಿನ್ನ ಕಾಗದವನ್ನು ನಿನ್ನ ಅತ್ತಿಗೆ ಇವತ್ತು ಇಲ್ಲಿಗೇ ತಂದುಕೊಟ್ಟಳು. ನಾಳೆ ಬೆಳಿಗ್ಗೆ ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ನನ್ನನ್ನು ನಗಿಸಬೇಕು ಅಂತ ನೀನು ಬರೆದದ್ದು ಅಂತ ಗೊತ್ತು. ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ನೀನು ಹಾಕಿಕೊಳ್ಳುವ ನೀಲಿ ಕೋಟಿಗೆ ಈಗ ಗುಂಡಿ ಹಾಕಲು ಬರುತ್ತದೆ, ಗುಂಡಿ ಹಾಕಿದ ಮೇಲೂ ಒಳಗೆ ಕೈ ಆಡುತ್ತದೆ, ಮೊನ್ನೆ ಹಾಗೆ ಬಂದಾಗ ಟಿಕೆಟ್ ಕಿಟಕಿಯವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು ಅಂತ ಬರೆದಿದ್ದೀಯ. ನೀನು ಏನೂ ಮಾಡಲಿಲ್ಲವಂತೆ, ತಾನಾಗಿಯೇ ಇಳಿಯಿತಂತೆ. ಅಣ್ಣಾ, ಕೊನೆಗೂ ನನ್ನ ಮೇಲೆ ದೇವರು ಕಣ್ಣು ಬಿಟ್ಟ ಅಂತ ಬರೆದಿದ್ದೀಯ.

ನನಗೆ ನಗು ಬರಲಿಲ್ಲ.

ಆ ಕೋಟು ಹೊಲಿದವನು ನಾನು. ಗುಂಡಿ ಹಾಕದೆ ಬಿಟ್ಟುಕೊಂಡೇ ಓಡಾಡುತ್ತೇನೆ ಅಂತ ನೀನು ಹಟ ಹಿಡಿದದ್ದಕ್ಕೆ ಗುಂಡಿ ಮುಟ್ಟದಷ್ಟು ಬಿಗಿಯಾಗಿ ಹೊಲಿದದ್ದು. ಅದು ತಾನಾಗಿ ಸಡಿಲವಾಗುವ ಕೋಟಲ್ಲ. ನನ್ನ ಪ್ಯಾಂಟಿನ ಕಥೆಯನ್ನು ನಾನು ಮೊದಲ ಕಾಗದದಲ್ಲೇ ಬರೆದೆನಲ್ಲ, ಓದಲಿಲ್ಲವಾ? ಓದಿ, ಪಾಪ ಅಣ್ಣ ಅಂತ ಅತ್ತು, ಮಡಚಿ ಇಟ್ಟೆಯಾ? ನಿನಗೆ ಬುದ್ಧಿ ಇದೆಯಾ ಇಲ್ಲವಾ? ಸಂತೋಷಪಡಬೇಡ. ಇವತ್ತೇ ಸಂತೋಷಪಡುವುದನ್ನು ನಿಲ್ಲಿಸು. ಚಪ್ಪಾಳೆ ತಟ್ಟಿದವರಿಗೆ ಬಾಯಿ ಮುಚ್ಚಿಕೊಂಡು ಕೂರಲು ಹೇಳು.

ಸುಸ್ತಾಗುತ್ತದಾ? ಮೆಟ್ಟಿಲಿನ ಹತ್ತಿರ ನಿಲ್ಲುತ್ತೀಯಾ? ನಿಜ ಹೇಳು. ನಿನಗೆ ನಾಚಿಕೆ ದೊಡ್ಡದೋ ಜೀವ ದೊಡ್ಡದೋ? ಅವತ್ತು ನಕ್ಕ ಹಮಾಲಿಗಳು ಈಗ ಎಲ್ಲೆಲ್ಲಿದ್ದಾರೋ, ನೀನು ಅವರಿಗೋಸ್ಕರ ಸಾಯಲು ಹೊರಟಿದ್ದೀಯ. ಮೂರ್ಖಿ.

ನನಗೆ ನಾಳೆಯ ಬಗ್ಗೆ ಏನೂ ಅನ್ನಿಸುತ್ತಿಲ್ಲ. ಈ ಕಾಗದ ಓದಿದ ಮೇಲೆ ನನ್ನದು ಮರೆತೇಹೋಯಿತು.

ಅಣ್ಣ


ಮಾರ್ಚ್ ೨೦

ಪುಟ್ಟೀ,

ಬದುಕಿದ್ದೇನೆ. ನಿನ್ನ ಅತ್ತಿಗೆ ಟೆಲಿಗ್ರಾಮಿನ ಹಾಗೆ ಮೂರು ಪದ ಬರೆದು ಹಾಕಿದ್ದಳಂತೆ. ಅದಕ್ಕೂ ನಿನ್ನ ಉತ್ತರ ಇಲ್ಲ. ಮುಖ ಊದಿಸಿಕೊಂಡಿದ್ದೀಯ. ಊದಿಸಿಕೋ. ನಾನು ಬರೆದದ್ದರಲ್ಲಿ ಒಂದು ಪದವನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮೂರ್ಖಿ ಅಂದದ್ದನ್ನು ಬೇಕಾದರೆ ತೆಗೆದುಕೊಳ್ಳುತ್ತೇನೆ, ಅದೂ ಅರ್ಧ.

ಆಪರೇಷನ್ ಚೆನ್ನಾಗಿ ಆಯಿತು. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು, ಗಡ್ಡೆ ಹೊರಗೆ ಎಳೆಯಲು ಒಂದು ಅಂಗೈಯಗಲದ ಸೀಳು. ಅಷ್ಟೇ. ತೂತಿನಿಂದ ಆಗದಿದ್ದರೆ ಪೂರ್ತಿ ಸೀಳುತ್ತೇವೆ, ನಿಮ್ಮಂಥವರಲ್ಲಿ ಅದು ಹೆಚ್ಚು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎದ್ದ ತಕ್ಷಣ ಕೈಯಾಡಿಸಿ ನೋಡಿಕೊಂಡೆ, ಉದ್ದದ ಪಟ್ಟಿ ಇರಲಿಲ್ಲ. ಬಲಗಡೆಯ ಕರುಳನ್ನು ತೆಗೆದು, ಉಳಿದ ಎರಡು ತುದಿ ಜೋಡಿಸಿ ಹೊಲಿದಿದ್ದಾರೆ. ಮೂರು ವಾರ ನಾನು ಕುಡಿದ ಆ ಸುಣ್ಣದ ನೀರಿನಿಂದ ಯಕೃತ್ತು ಕುಗ್ಗಿ ದಾರಿ ಬಿಟ್ಟಿತ್ತಂತೆ. ಮೇಜನ್ನು ಓರೆ ಮಾಡಿದಾಗ ನಾನು ಜಾರಬಾರದು ಅಂತ ಎದೆಗೆ, ತೊಡೆಗೆ ಅಗಲದ ಪಟ್ಟಿ ಬಿಗಿದಿದ್ದರಂತೆ. ಲಾರಿಗೆ ಸಾಮಾನು ಕಟ್ಟಿದ ಹಾಗೆ ಅಂದಿದ್ದಕ್ಕೆ ಪಕ್ಕದ ಮಂಚದವನು, ನಾವು ಹಾಗೆ ಕಟ್ಟಲ್ಲ, ಇನ್ನೂ ಬಿಗಿ ಅಂದ. ಅವನು ನಿಜವಾಗಿಯೂ ಲಾರಿ ಡ್ರೈವರು. ನನಗಿಂತ ದಪ್ಪ. ಅವನದು ಜಠರದಲ್ಲಿ ಗಡ್ಡೆ, ನನಗಿಂತ ಎರಡು ದಿನ ಮೊದಲು ತೆಗೆದಿದ್ದರು. ನಾನು ಅವನನ್ನು ಲಾರಿ ಅಂತಲೇ ಕರೆಯುತ್ತೇನೆ, ಅವನು ನನ್ನನ್ನು ಟ್ರೈಲರ್ ಅಂತ.

ಮಾರನೇ ದಿನವೇ ಎಬ್ಬಿಸಿ ನಡೆಸಿದರು. ಬೈದೆ. ನರ್ಸಮ್ಮ, ಬೈಯಿರಿ, ಆದರೆ ನಡೆಯುತ್ತಾ ಬೈಯಿರಿ ಅಂದಳು. ಆಮೇಲೆ ಎಲ್ಲರೂ ಒಂದೇ ವಿಷಯಕ್ಕೆ ಕಾದರು. ಡಾಕ್ಟರಮ್ಮ ಬರುವುದು, ಗಾಳಿ ಹೋಯಿತಾ ಅಂತ ಕೇಳುವುದು. ನರ್ಸಮ್ಮ ಬರುವುದು, ಗಾಳಿ ಹೋಯಿತಾ. ಕಸ ಗುಡಿಸುವವಳೂ ಕೇಳಿದಳು. ಇಷ್ಟು ವರ್ಷ ಅದಕ್ಕೇ ನನ್ನನ್ನು ಎಲ್ಲರೂ ಬೈದದ್ದು. ಹೊಲಿದ ಕರುಳು ಕೆಲಸ ಶುರುಮಾಡಿದ್ದಕ್ಕೆ ಅದೇ ಗುರುತಂತೆ. ಮೂರನೇ ದಿನ ಮಧ್ಯಾಹ್ನ ಆಯಿತು. ಲಾರಿ ಹೊಟ್ಟೆ ಹಿಡಿದುಕೊಂಡು, ಹೊಲಿಗೆ ನೋಯುತ್ತೆ ನಗಿಸಬೇಡ ಮಾರಾಯಾ ಅಂತ ನಕ್ಕ. ಅವತ್ತು ಸಂಜೆ ಕೊಟ್ಟ ಸೂಪಿಗಿಂತ ರುಚಿಯಾದದ್ದನ್ನು ನಾನು ತಿಂದೇ ಇಲ್ಲ.

ಎಲ್ಲಾ ಹೂವಿನ ಹಾಸಿಗೆ ಅಂತ ಬರೆಯುವುದಿಲ್ಲ, ಬರೆದರೆ ನೀನು ನಂಬುವುದೂ ಇಲ್ಲ. ಸೀಳಿದ ಗಾಯ ಒಂದು ಕಡೆ ಕೀವಾಯಿತು. ಕೊಬ್ಬು ಹೆಚ್ಚಿದ್ದವರಿಗೆ ಹೀಗಾಗುತ್ತದೆ ಅಂತ ಮೊದಲೇ ಹೇಳಿದ್ದೇ. ಎರಡು ಹೊಲಿಗೆ ಬಿಚ್ಚಿ, ತೊಳೆದು, ಹತ್ತಿ ತುಂಬಿ ಕಳಿಸಿದ್ದಾರೆ. ದಿನವೂ ನಿನ್ನ ಅತ್ತಿಗೆ ಬದಲಾಯಿಸುತ್ತಾಳೆ. ಒಳಗಿನಿಂದ ತುಂಬಿಕೊಂಡು ಬರುತ್ತಿದೆ, ಕೆಂಪಗೆ ಒಳ್ಳೆಯ ಬಣ್ಣ. ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದೆ, ರಕ್ತ ಹೆಪ್ಪುಗಟ್ಟದಿರಲಿ ಅಂತ. ಸೂಜಿ ನನಗೆ ಹೊಸದಲ್ಲ.

ಕಿಟಕಿಯ ಹತ್ತಿರ ಕೂತಿದ್ದೇನೆ. ಬಿಸಿಲು ಕಾಲಿನ ಮೇಲೆ ಬಿದ್ದಿದೆ. ಬೀದಿಯಲ್ಲಿ ಜಗಳ ನಡೆಯುತ್ತಿದೆ, ನಾನು ಯಾರ ಕಡೆಗೂ ಇಲ್ಲ. ಇಷ್ಟು ಹಾಯಾಗಿ ಕೂತು ಎಷ್ಟು ಕಾಲವಾಯಿತೋ. ನಿನ್ನ ಒಂದು ಕಾಗದ ಬಂದರೆ ಪೂರ್ತಿ ಹಾಯಾಗುತ್ತದೆ.

ನಿನ್ನ ಅಣ್ಣ


ಏಪ್ರಿಲ್ ೮

ಪುಟ್ಟೀ,

ನಿನ್ನ ನಿಲ್ದಾಣಕ್ಕೆ ಫೋನು ಮಾಡಿದೆ. ನಿನಗಲ್ಲ, ನಿನ್ನ ಮೇಲಿನವರಿಗೆ. ದಿನವೂ ಕೆಲಸಕ್ಕೆ ಬರುತ್ತೀಯಂತೆ. ನನ್ನ ಕಾಗದಗಳೂ ಬರುತ್ತಿವೆಯಂತೆ, ಓದಿ ಕೈಚೀಲದಲ್ಲಿ ಇಟ್ಟುಕೊಳ್ಳುತ್ತೀಯಂತೆ. ಪೆಟ್ಟಿಗೆ ಎತ್ತುವಾಗ ಈಚೆಗೆ ಕೂತು ಕೂತು ಎತ್ತುತ್ತೀಯಂತೆ. ಅದನ್ನೂ ಹೇಳಿದರು.

ನನ್ನ ಫಲಿತಾಂಶ ಬಂತು. ಗಡ್ಡೆ ಪೂರ್ತಿ ಹೊರಗೆ ಬಂದಿದೆ. ಅದರ ಸುತ್ತ ತೆಗೆದ ಗಂಟುಗಳಲ್ಲಿ ಒಂದರಲ್ಲೂ ಹರಡಿರಲಿಲ್ಲ. ಔಷಧಿ ಹನಿಸುವ ಚಿಕಿತ್ಸೆ ಬೇಡವಂತೆ. ಆಗಾಗ ಬಂದು ತೋರಿಸಿಕೊಂಡರೆ ಸಾಕು. ಡಾಕ್ಟರಮ್ಮ ಓದಿ ಹೇಳುವಾಗ ನಿನ್ನ ಅತ್ತಿಗೆ ನನ್ನ ಕೈ ಹಿಡಿದುಕೊಂಡಿದ್ದಳು, ಎಷ್ಟು ಗಟ್ಟಿಯಾಗಿ ಅಂದರೆ ಆಪರೇಷನ್‌ಗಿಂತ ಅದೇ ನೋವು. ಇನ್ನೊಂದು ಮಾತೂ ಹೇಳಿದರು. ಗಾಯ ಪೂರ್ತಿ ಮಾಗಿ ವರ್ಷ ಕಳೆದ ಮೇಲೆ, ಮನಸ್ಸಿದ್ದರೆ ತೂಕ ಇಳಿಸುವ ಆಪರೇಷನ್ ಬಗ್ಗೆ ಮಾತಾಡೋಣ, ಜಠರವನ್ನು ಚಿಕ್ಕದು ಮಾಡುವುದು ಅಂತ. ಈಗ ಬೇಡ ಅಂದೆ. ಬೇಡ ಅಂದರೆ ಬೇಡ, ಯಾರೂ ಒತ್ತಾಯಿಸಲಿಲ್ಲ, ಯಾರೂ ಮುಖ ಸಿಂಡರಿಸಲಿಲ್ಲ. ನಡಿಗೆ ಮಾತ್ರ ಬಿಟ್ಟಿಲ್ಲ. ಬೀದಿಯ ಕೊನೆ ದಾಟಿ ಈಗ ಕೆರೆಯ ತನಕ ಹೋಗುತ್ತೇನೆ. ಅಲ್ಲಿ ಒಂದು ಬೆಂಚಿದೆ.

ಬೆಂಚಿನ ಮೇಲೆ ಕೂತಾಗ ನಿನ್ನ ಅತ್ತಿಗೆ ನಿನ್ನೆ ಹೇಳಿದಳು.

"ನೀವು ಅವಳಿಗೆ ಬೈದ್ರಿ. ಏನಾಗುತ್ತೆ ಅಂತ ಹೇಳಲೇ ಇಲ್ಲ. ಅವಳಿಗೆ ಸಾವಿನ ಭಯ ಇಲ್ಲ ಕಣ್ರೀ. ಬಾಗಿಲು ತೆಗೆದು ಒಳಗೆ ಹೋದ ಕೂಡ್ಲೇ ಎಲ್ಲಾ ತಿರುಗಿ ನೋಡ್ತಾರಲ್ಲ, ಆ ಭಯ."

ಅವಳು ಕಡ್ಡಿಯಲ್ಲ, ಆದರೆ ನಮ್ಮಷ್ಟು ಗಾತ್ರವೂ ಇಲ್ಲ. ಅವಳಿಗೆ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ ಅಂತ ಸಿಟ್ಟು ಬಂತು. ಈಗ ಹೇಳುತ್ತೇನೆ, ಕೇಳು.

ಹಿಂದಿನ ದಿನ ಭೇದಿಯ ಔಷಧಿ ಕುಡಿಸುತ್ತಾರೆ. ಅದೇ ಕಷ್ಟದ ಭಾಗ. ಮನೆಯಲ್ಲೇ ಕುಡಿಯುವುದು, ಅಂದರೆ ನಮ್ಮ ಮನೆಯಲ್ಲಿ. ನಿನಗೆ ಕೆಳಗಿನ ಕೋಣೆ, ಪಕ್ಕದಲ್ಲೇ ಕಕ್ಕಸು, ನಾವಿಬ್ಬರೂ ಅವತ್ತು ಮಹಡಿ ಬಿಟ್ಟು ಇಳಿಯುವುದಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಒಂದು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕುತ್ತಾರೆ. ಎಡಮಗ್ಗುಲಿಗೆ ಮಲಗಿಸಿ ಮೇಲೆ ಹೊದಿಕೆ ಹೊದಿಸುತ್ತಾರೆ, ಬೇಕಾದಷ್ಟೇ ಸರಿಸುತ್ತಾರೆ. ನಿದ್ದೆಯ ಮದ್ದು ಕೊಡುತ್ತಾರೆ. ಗಾತ್ರದವರಿಗೆ ಉಸಿರು ನೋಡಿಕೊಳ್ಳಲು ಮತ್ತಿನ ಡಾಕ್ಟರು ಬೇರೆಯೇ ತಲೆಯ ಹತ್ತಿರ ನಿಂತಿರುತ್ತಾರೆ. ಎಚ್ಚರವಾದಾಗ ಮುಗಿದಿರುತ್ತದೆ. ನನಗೆ ಏನೂ ಗೊತ್ತಾಗಲಿಲ್ಲ. ಎದ್ದು, ಶುರು ಮಾಡುವುದು ಯಾವಾಗ ಅಂತ ಕೇಳಿದೆ.

ಏನೂ ಸಿಗದೆ ಇರಬಹುದು. ಸಣ್ಣ ಗುಳ್ಳೆ ಸಿಕ್ಕಿದರೆ ಅಲ್ಲೇ ಕಿತ್ತು ಹಾಕುತ್ತಾರೆ. ದೊಡ್ಡದು ಸಿಕ್ಕಿದರೆ ನನ್ನದನ್ನು ತೆಗೆದವರೇ ನಿನ್ನದನ್ನೂ ತೆಗೆಯುತ್ತಾರೆ. ನನ್ನನ್ನು ನೋಡು, ಅಂಗಡಿ ತೆರೆದಿದ್ದೇನೆ, ಅರ್ಧ ದಿನ ಹೊಲಿಯುತ್ತೇನೆ.

ಹೇಳಬೇಕಾದದ್ದು ಹೇಳಿದೆ. ಬೈದಿಲ್ಲ ನೋಡು ಈ ಸಲ. ಒಂದು ಕಡೆಯೂ ಬೈದಿಲ್ಲ.

ನಿನ್ನ ಅಣ್ಣ


ಏಪ್ರಿಲ್ ೨೪

ಪುಟ್ಟೀ,

ನಿನ್ನ ಕಾರ್ಡು ಬಂತು. ಏಳು ವಾರ ಮಾತು ಬಿಟ್ಟವಳು, ಹೇಗಿದ್ದೀಯ ಅಂತಿಲ್ಲ, ಅತ್ತಿಗೆ ಹೇಗಿದ್ದಾಳೆ ಅಂತಿಲ್ಲ, ಒಂದೇ ಸಾಲು. ಅಲ್ಲಿ ಕಾಯುವ ಕಡೆ ಕುರ್ಚಿ ಎಷ್ಟು ಅಗಲ, ಕೈ ಇದೆಯಾ ಇಲ್ಲವಾ.

ನಿನ್ನ ಅತ್ತಿಗೆ ಓದಿ ಅತ್ತಳು. ಕುರ್ಚಿಗೆ ಯಾಕೆ ಅಳುತ್ತೀಯ ಅಂತ ಗದರಿಸಿದೆ. ಆಮೇಲೆ ಟೇಪು ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ನನಗೆ ಅವತ್ತು ಅಲ್ಲಿ ಯಾವ ಕೆಲಸವೂ ಇರಲಿಲ್ಲ.

ಕಾಯುವ ಕಡೆ ಗೋಡೆಯುದ್ದಕ್ಕೂ ಸಾಮಾನ್ಯ ಕುರ್ಚಿಗಳಿವೆ, ಕೈಯಿರುವವು. ಅದರಲ್ಲಿ ಕೂರಬೇಡ. ನಾನು ಒಂದು ಸಲ ಕೂತು, ಏಳುವಾಗ ಅದೂ ನನ್ನ ಜೊತೆ ಎದ್ದಿತ್ತು. ಬಲಗಡೆಯ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಕೈಯಿಲ್ಲದ ಅಗಲದ ಆಸನ ಮೂರಿವೆ. ಅಳೆದೆ. ನೀನು ಕೂತು, ಪಕ್ಕದಲ್ಲಿ ನಿನ್ನ ಕೈಚೀಲ ಇಟ್ಟು, ಇನ್ನೂ ಒಂದು ಗೇಣು ಉಳಿಯುತ್ತದೆ. ಕಾಲು ಕಬ್ಬಿಣದ್ದು, ನೆಲಕ್ಕೆ ಬಿಗಿದಿದ್ದಾರೆ. ನಾನು ಕೂತು ಕುಲುಕಿ ನೋಡಿದೆ, ಕಿರ್ ಅನ್ನಲಿಲ್ಲ. ಎದುರಿಗೆ ಕೂತಿದ್ದ ಹೆಂಗಸು ಇವನಿಗೇನಾಗಿದೆ ಅಂತ ನೋಡಿದಳು. ನೋಡಲಿ.

ಅಷ್ಟಕ್ಕೇ ಬಿಡಲಿಲ್ಲ. ಬಾಗಿಲು ಅಳೆದೆ, ಎರಡು ರೆಕ್ಕೆಯದು, ಓರೆಯಾಗಿ ನುಗ್ಗಬೇಕಾಗಿಲ್ಲ. ಕಕ್ಕಸು ಅಳೆದೆ, ಗೋಡೆಗೆ ಹಿಡಿಕೆ ಇದೆ, ಒಳಗೆ ತಿರುಗಬಹುದು. ಕ್ಯಾಮೆರಾ ಕೋಣೆಯ ಮಂಚ ಅಳೆಯುತ್ತಿರುವಾಗ ನರ್ಸಮ್ಮ ಹಿಡಿದುಬಿಟ್ಟಳು. ಏನು ತಾತಾ, ಆಸ್ಪತ್ರೆಗೇ ಅಂಗಿ ಹೊಲೀತೀರಾ ಅಂದಳು. ತಂಗಿ ಕೇಳಿದ್ದಾಳೆ ಅಂದೆ. ಯಾಕೆ ಅಂತ ಹೇಳಿದೆ. ಕಾಟಾದ ವಿಷಯವನ್ನೂ ಹೇಳಿದೆ, ನೀನು ಬೈದರೂ ಪರವಾಗಿಲ್ಲ. ಅವಳ ನಗು ನಿಂತಿತು. ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದಳು. ತಕ್ಕಡಿ ನೆಲದೊಳಗೇ ಕೂತಿದೆ, ನೆಲದ ಮಟ್ಟಕ್ಕೆ, ಹತ್ತುವುದೇ ಬೇಡ, ನಡೆದುಹೋದರೆ ಸಾಕು. ಅಂಕಿ ಗೋಡೆಯ ಆ ಕಡೆ, ಅವಳ ಮೇಜಿನ ಮೇಲೆ ಮಾತ್ರ ಕಾಣುತ್ತದೆ. ಆ ಕೋಣೆಗೆ ಬಾಗಿಲಿದೆ, ಬಾಗಿಲಿಗೆ ಚಿಲಕ ಇದೆ.

"ನಾನು ಜೋರಾಗಿ ಓದಲ್ಲ ತಾತಾ" ಅಂದಳು. "ಯಾರದನ್ನೂ ಓದಲ್ಲ. ನಿಮ್ಮದೂ ಓದಿರಲಿಲ್ಲ, ನೀವೇ ಹೊರಗೆ ಬಂದು ಕೂಗಿ ಹೇಳಿದ್ರಿ."

ನಿಜ, ಕೂಗಿ ಹೇಳಿದ್ದೆ. ಯಾರ ತೂಕ ಹೆಚ್ಚು ಅಂತ ಲಾರಿಯ ಜೊತೆ ಪಂದ್ಯ ಇತ್ತು.

ನಿನ್ನ ಕೈಬರಹ ನೋಡಿದೆ. ಮೊದಲು ದುಂಡಗೆ ಬರೆಯುತ್ತಿದ್ದೆ, ಈಗ ಸಾಲು ಕೆಳಗಿಳಿಯುತ್ತಿದೆ. ಸುಸ್ತಿನಲ್ಲಿ ಬರೆದದ್ದು ಅಂತ ಹೇಳಲು ನನಗೆ ಡಾಕ್ಟರು ಬೇಡ. ಅದಕ್ಕೇ ಅಲ್ಲಿಂದಲೇ ನಿನ್ನ ಹೆಸರು ಹಚ್ಚಿಸಿ ಬಂದಿದ್ದೇನೆ. ಮೇ ಹನ್ನೊಂದು, ಸೋಮವಾರ, ಬೆಳಿಗ್ಗೆ ಮೊದಲನೆಯದು. ಮೊದಲನೆಯದು ಯಾಕೆ ಅಂದರೆ ಆಗ ಕಾಯುವ ಕಡೆ ಬೇರೆ ಯಾರೂ ಇರುವುದಿಲ್ಲ. ಬಾಗಿಲು ತೆಗೆದಾಗ ತಿರುಗಿ ನೋಡಲು ಇರುವುದು ನಾನು, ನಿನ್ನ ಅತ್ತಿಗೆ. ನಾವು ಹೇಗೂ ನಿನ್ನನ್ನು ನೋಡಿದ್ದೇವೆ. ಡಾಕ್ಟರಮ್ಮನಿಗೂ ಹೇಳಿ ಇಟ್ಟಿದ್ದೇನೆ, ಕಿವಿ ಕೇಳಿಸುವುದಿಲ್ಲ, ಮುಖ ನೋಡಿ ಮಾತಾಡಿ, ಬೆನ್ನು ಹಾಕಿ ಮಾತಾಡಬೇಡಿ ಅಂತ.

ಒಂಬತ್ತರ ಶನಿವಾರ ಮಧ್ಯಾಹ್ನದ ರೈಲಿಗೆ ಬಾ. ನಾನೇ ಬಂದು ಕರೆದುಕೊಳ್ಳುತ್ತೇನೆ, ಈಗ ಮೆಟ್ಟಿಲು ಹತ್ತಿ ಪ್ಲಾಟ್‌ಫಾರ್ಮಿಗೆ ಬರುವಷ್ಟು ಗಟ್ಟಿಯಾಗಿದ್ದೇನೆ. ರಜೆ ಕೊಡುವುದಿಲ್ಲ ಅಂತ ಬರೆಯಬೇಡ. ನಿನ್ನ ಮೇಲಿನವರನ್ನು ಕೇಳಿ ಆಗಿದೆ, ಕೊಟ್ಟಿದ್ದಾರೆ.

ನೀನು ಬರದಿದ್ದರೆ ಆ ಜಾಗವನ್ನು ಬೇರೆಯವರಿಗೆ ಕೊಡಬೇಕಂತೆ, ಆಮೇಲೆ ಜುಲೈ ತನಕ ಇಲ್ಲ. ಜುಲೈ ತನಕ ಕಾಯಲು ನನ್ನ ಕೈಲಿ ಆಗುವುದಿಲ್ಲ. ಬರುತ್ತೇನೆ ಅಂತ ಬರೆ. ಒಂದು ಪದ ಸಾಕು. ಮೇ ನಾಲ್ಕನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಣ್ಣ